ನೀಸ್‌ನ ಘಾಟಿ ಇಳಿದ ಕಥೆ

ವಾನ್ಸ್ ಊರಿನ ಕಾಫಿ ಅಂಗಡಿಯ ಹೊರಗೆ ಅಕ್ಕ ಕೂತಿದ್ದಳು. ನಾನು ಸೈಕಲ್ ತಳ್ಳಿಕೊಂಡು ಬರುವುದನ್ನು ದೂರದಿಂದಲೇ ನೋಡಿದಳು. ಹತ್ತಿರ ಹೋದ ಮೇಲೆ ಕೇಳಿದ್ದು ಒಂದೇ ಮಾತು, "ಪಂಕ್ಚರ್ರಾ?"

"ಅಲ್ಲಕ್ಕ, ಹೆದರಿಕೆ."

"ಹತ್ತುವಾಗ ಇಲ್ಲದ ಹೆದರಿಕೆ ಇಳಿಯುವಾಗ ಎಲ್ಲಿಂದ ಬಂತು ಮಾರಾಯ್ತಿ?"

ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ನೀರಿನ ಲೋಟ ಎತ್ತಿದರೆ ಕೈ ನಡುಗುತ್ತಿತ್ತು. ಐರನ್‌ಮ್ಯಾನ್‌ಗೆ ಇನ್ನು ನಾಲ್ಕೇ ದಿನ ಇತ್ತು.

ಐರನ್‌ಮ್ಯಾನ್ ಅಂದರೆ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಆಮೇಲೆ 42 ಕಿಲೋಮೀಟರ್ ಓಟ. ಎಲ್ಲ ಒಂದೇ ದಿನ, ಒಂದರ ಹಿಂದೆ ಒಂದು. ಫ್ರಾನ್ಸಿನ ದಕ್ಷಿಣದ ಕಡಲೂರು ನೀಸ್‌ನಲ್ಲಿ 1982ರಿಂದಲೇ ಟ್ರಯಥ್ಲಾನ್, ಅಂದರೆ ಈ ಮೂರೂ ಸೇರಿದ ಸ್ಪರ್ಧೆ, ನಡೆಯುತ್ತಿದೆ. ಅಮೆರಿಕದ ಮಾರ್ಕ್ ಆಲನ್ ಇಲ್ಲಿ ಹತ್ತು ಸಲ ಗೆದ್ದಿದ್ದಾನೆ. 2023ರಲ್ಲಿ ಗಂಡಸರ ವಿಶ್ವ ಚಾಂಪಿಯನ್‌ಶಿಪ್ಪೂ ಇಲ್ಲೇ ಆಯ್ತು. ಫ್ರಾನ್ಸಿನವನೇ ಆದ ಸ್ಯಾಮ್ ಲೇಡ್ಲೋ ಸೈಕಲ್ ಭಾಗವನ್ನು 4 ಗಂಟೆ 31 ನಿಮಿಷದಲ್ಲಿ ಮುಗಿಸಿ ಗೆದ್ದ. ನಾನು ಎಷ್ಟು ಹೊತ್ತು ತಗೊಂಡೆ ಅಂತ ಆಮೇಲೆ ಹೇಳುತ್ತೇನೆ.

ನೀಸ್ ಅಂದರೆ ಎಲ್ಲರಿಗೂ ಕಡಲು, ನೀಲಿ ಕುರ್ಚಿ, ಪ್ರೊಮೆನಾಡ್ ಅನ್ನುವ ಕಡಲಂಚಿನ ದಾರಿ. ಸೈಕಲ್ಲಿನವರಿಗೆ ಮಾತ್ರ ಅದು ಬೆಟ್ಟದ ಊರು. ಕಡಲಿಗೆ ಬೆನ್ನು ಹಾಕಿ ಒಂದು ಗಂಟೆ ತುಳಿದರೆ ಆಲ್ಪ್ಸ್‌ನ ಬುಡ. ಸ್ಪರ್ಧೆಯ ದಾರಿಯಲ್ಲಿ ಒಟ್ಟು ಸುಮಾರು 2,400 ಮೀಟರ್ ಹತ್ತಬೇಕು. ಹತ್ತಿದ್ದನ್ನೆಲ್ಲ ಇಳಿಯಲೂ ಬೇಕು ಅನ್ನುವುದು ಯಾಕೋ ತಲೆಗೇ ಹೋಗಿರಲಿಲ್ಲ. ಒಂದು ವರ್ಷದ ತಯಾರಿಯಲ್ಲಿ ಹತ್ತುವುದರ ಲೆಕ್ಕ ಪುಸ್ತಕದ ತುಂಬಾ ಇತ್ತು. ಇಳಿಯುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಂದಿ ಬೆಟ್ಟ ಇಳಿದವಳು, ಇದೇನು ಮಹಾ ಅನ್ನುವ ಧೈರ್ಯ ಬೇರೆ. ಪ್ರತಿ ಭಾನುವಾರ ಬೆಳಕು ಹರಿಯುವ ಮೊದಲೇ ಯಲಹಂಕ ದಾಟಿ ನಂದಿಗೆ ಹೋಗುತ್ತಿದ್ದೆ. ಅಲ್ಲಿ ಇಳಿಯುವುದು ಅಂದರೆ ಬ್ರೇಕ್ ಹಿಡಿದುಕೊಂಡೇ ಇಳಿಯುವುದು. ಒಂದು ತಿರುವಿನಲ್ಲಿ ಕೋತಿ, ಇನ್ನೊಂದರಲ್ಲಿ ಫೋಟೋಕ್ಕೆ ನಿಂತ ಕಾರು, ಮತ್ತೊಂದರಲ್ಲಿ ರಾಂಗ್ ಸೈಡಿನಲ್ಲಿ ಬರುವ ಬೈಕು. ಜೋರಾಗಿ ಇಳಿಯುವ ಪ್ರಶ್ನೆಯೇ ಇಲ್ಲ. ನನಗೆ ಘಾಟಿ ಇಳಿಯಲು ಬರುತ್ತೆ ಅಂದುಕೊಂಡಿದ್ದೆ. ನನಗೆ ಬರುತ್ತಿದ್ದದ್ದು ನಿಲ್ಲಿಸಲು ಮಾತ್ರ.

ಅವತ್ತು ನಡೆದದ್ದು ಹೀಗೆ. ವಿಮಾನದವರು ನನ್ನನ್ನು ತಲುಪಿಸಿದರು, ಸೈಕಲ್ ಪೆಟ್ಟಿಗೆಯನ್ನು ತಲುಪಿಸಲಿಲ್ಲ. ಎರಡು ದಿನ ತಡ ಅಂದರು. ಸುಮ್ನೆ ಕೂರಲು ಆಗದೆ ಬಾಡಿಗೆ ಸೈಕಲ್ ತಗೊಂಡೆ. ಅಕ್ಕ ಬಸ್ಸಿನಲ್ಲಿ ವಾನ್ಸ್‌ಗೆ ಬಂದಳು, ನಾನು ಸೈಕಲ್ಲಿನಲ್ಲಿ. ಅವಳನ್ನು ಅಲ್ಲೇ ಬಿಟ್ಟು ಕೋಲ್ ದ ವಾನ್ಸ್ ಹತ್ತಲು ಹೊರಟೆ. ಕೋಲ್ ಅಂದರೆ ಎರಡು ಬೆಟ್ಟದ ನಡುವಿನ ಕಣಿವೆದಾರಿಯ ನೆತ್ತಿ. ಊರಿನಿಂದ ಹತ್ತಿರ ಹತ್ತಿರ ಹತ್ತು ಕಿಲೋಮೀಟರ್ ಏರು. ಮೊದಲು ಮನೆ, ತೋಟ, ಪೈನ್ ಮರ. ಆಮೇಲೆ ಮರವೇ ಇಲ್ಲ, ಬರೀ ಬಿಳಿ ಸುಣ್ಣಕಲ್ಲು, ಒಣ ಹುಲ್ಲು. ಹಿಂದೆ ತಿರುಗಿದರೆ ಕೆಳಗೆ ಮೆಡಿಟರೇನಿಯನ್.

ನೆತ್ತಿಯ ಫಲಕದಲ್ಲಿ 963 ಮೀಟರ್ ಅಂತ ಇತ್ತು. ನಗು ಬಂತು. ನಮ್ಮ ಬೆಂಗಳೂರು 920 ಮೀಟರ್ ಎತ್ತರದಲ್ಲಿದೆ. ಅಷ್ಟು ದೂರ ವಿಮಾನದಲ್ಲಿ ಬಂದು, ಒಂದು ಗಂಟೆಗೂ ಜಾಸ್ತಿ ಬೆವರು ಸುರಿಸಿ, ನಾನು ಹತ್ತಿದ್ದು ನಮ್ಮ ಮನೆಯ ಮಹಡಿಯ ಎತ್ತರಕ್ಕೆ!

ನಗು ಮೂರನೇ ತಿರುವಿನವರೆಗೆ ಇತ್ತು. ಬೆಂಗಳೂರಿನ ನನ್ನ ಸೈಕಲ್ಲಿನಲ್ಲಿ ಬಲಗೈಯದು ಮುಂದಿನ ಬ್ರೇಕು. ಈ ಬಾಡಿಗೆ ಸೈಕಲ್ಲಿನಲ್ಲಿ ಅದು ಎಡಗೈಗೆ. ಅಂಗಡಿಯವನು ಹೇಳಿದ್ದ, ನಾನೂ ತಲೆಯಾಡಿಸಿದ್ದೆ. ಆದರೆ ಗಾಬರಿಯಾದಾಗ ಬ್ರೇಕ್ ಹಿಡಿಯುವುದು ತಲೆ ಅಲ್ಲ, ಕೈ. ತಿರುವು ಅಂದುಕೊಂಡದ್ದಕ್ಕಿಂತ ಹತ್ತಿರ ಬಂತು. ಹಿಂದಿನದು ಅಂದುಕೊಂಡು ಎಡಗೈ ಬಿಗಿದೆ. ಮುಂದಿನ ಚಕ್ರ ಕಚ್ಚಿತು. ಹಿಂದಿನ ಚಕ್ರ ನೆಲ ಬಿಟ್ಟು ಎದ್ದದ್ದು ಬೆನ್ನಿಗೆ ಗೊತ್ತಾಯ್ತು. ಬ್ರೇಕ್ ಬಿಟ್ಟೆ, ಸೈಕಲ್ ತಿರುವಿನ ಹೊರ ಅಂಚಿಗೆ ಹೋಯ್ತು. ಹೇಗೋ ತಿರುಗಿಸಿದೆ. ತಿರುಗಿಸಿ ಎಲ್ಲಿಗೆ ಹೋದೆ? ಎಡಕ್ಕೆ. ನಲವತ್ತು ವರ್ಷ ರಸ್ತೆಯ ಎಡಗಡೆಯೇ ಕ್ಷೇಮ ಅಂತ ಕಲಿತ ಮೈ ಅದು. ಫ್ರಾನ್ಸಿನಲ್ಲಿ ಎಡಗಡೆ ಅಂದರೆ ಎದುರಿನಿಂದ ಬರುವವರ ದಾರಿ. ಒಂದು ಬಿಳಿ ವ್ಯಾನ್ ಬಂತು. ಅವನು ನಿಂತ, ನಾನೂ ನಿಂತೆ. ನಡುವೆ ಒಂದು ಮಂಚದಷ್ಟು ಜಾಗ ಇತ್ತು. ಅವನು ಬೈಯಲೂ ಇಲ್ಲ, ಎರಡು ಕೈ ಮೇಲೆತ್ತಿ ಏನಮ್ಮ ಇದು ಅನ್ನುವ ಹಾಗೆ ನೋಡಿದ. ಅಲ್ಲಿಂದ ವಾನ್ಸ್‌ವರೆಗೆ ಬಹುಪಾಲು ನಡೆದೇ ಬಂದೆ.

ಕಾಫಿ ಅಂಗಡಿಯಲ್ಲಿ ಪಕ್ಕದ ಮೇಜಿನ ಅಜ್ಜ ನಮ್ಮನ್ನು ನೋಡುತ್ತಿದ್ದ. ಎಪ್ಪತ್ತು ದಾಟಿರಬೇಕು, ಸೈಕಲ್ ಶೂ ಹಾಕಿದ್ದ. ಅವನ ಇಂಗ್ಲಿಷ್ ಹತ್ತು ಪದ, ನನ್ನ ಫ್ರೆಂಚ್ ಐದು. ಸಕ್ಕರೆ ಪೊಟ್ಟಣಗಳನ್ನು ಸಾಲಾಗಿ ಜೋಡಿಸಿ ತಿರುವು ಮಾಡಿದ. ಚಮಚವೇ ಸೈಕಲ್. ತಿರುವಿಗೆ ಮೊದಲೇ ಬ್ರೇಕ್ ಮುಗಿಸು, ತಿರುವಿನೊಳಗೆ ಮುಟ್ಟಬೇಡ. ಹೊರಗಿನ ಕಾಲು ಕೆಳಗೆ, ಭಾರ ಎಲ್ಲ ಅದರ ಮೇಲೆ. ಆಮೇಲೆ ಎರಡು ಬೆರಳನ್ನು ತನ್ನ ಕಣ್ಣಿಗೆ ತೋರಿಸಿ, ಅದೇ ಬೆರಳನ್ನು ಕೊನೆಯ ಪೊಟ್ಟಣದ ಆಚೆಗೆ ತೋರಿಸಿದ. ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡು. ಪ್ರಪಾತ ನೋಡಿದರೆ ಪ್ರಪಾತಕ್ಕೇ ಹೋಗುತ್ತೀ. ಇದು ವೇದಾಂತ ಅಲ್ಲ, ಸೈಕಲ್ ನಿಜವಾಗಿಯೂ ಹಾಗೇ ಹೋಗುತ್ತದೆ. ಕಲ್ಲನ್ನು ದಿಟ್ಟಿಸಿದರೆ ಕಲ್ಲಿಗೇ ಗುದ್ದುತ್ತೇವೆ.

ಆ ರಾತ್ರಿ ನಿದ್ದೆ ಬರಲಿಲ್ಲ. 2023ರ ಜೂನ್‌ನಲ್ಲಿ ಸ್ವಿಟ್ಜರ್‌ಲೆಂಡಿನ ಆಲ್ಬುಲಾ ಘಾಟಿ ಇಳಿಯುವಾಗ ಬಿದ್ದು ತೀರಿಕೊಂಡ ಜೀನೋ ಮೇಡರ್ ನೆನಪಾದ. ಇಪ್ಪತ್ತಾರು ವರ್ಷ ಅವನಿಗೆ. ಸೈಕಲ್ಲೇ ಬದುಕು ಆಗಿದ್ದವನು. ಅಂಥವನಿಗೇ ಹಾಗಾದರೆ ನಾನು ಯಾವ ಲೆಕ್ಕ? ಪಕ್ಕದಲ್ಲಿ ಅಕ್ಕನಿಗೂ ಎಚ್ಚರ ಇತ್ತು. "ಆಗುಂಬೆ ನೆನಪಿದ್ಯಾ?" ಅಂದಳು.

ನೆನಪಿಲ್ಲದೆ ಏನು. ತೀರ್ಥಹಳ್ಳಿಯಿಂದ ಉಡುಪಿಯ ಚಿಕ್ಕಮ್ಮನ ಮನೆಗೆ ಹೋಗುವಾಗೆಲ್ಲ ಆಗುಂಬೆ ಘಾಟಿ ಇಳಿಯಬೇಕಿತ್ತು. ಮಿನಿ ಬಸ್ಸು, ಹದಿನಾಲ್ಕು ತಿರುವು. ಎರಡನೇ ತಿರುವಿಗೇ ನನಗೆ ಹೊಟ್ಟೆ ತೊಳೆಸುತ್ತಿತ್ತು. ಅಮ್ಮ ಮೂಸಲು ನಿಂಬೆಹಣ್ಣು ಕೊಡುತ್ತಿದ್ದಳು, ಅಕ್ಕ ಕೈ ಹಿಡಿದುಕೊಳ್ಳುತ್ತಿದ್ದಳು. ಘಾಟಿ ಇಳಿಯುವ ಭಯ ನನಗೆ ಹೊಸದಲ್ಲ. ಆಗ ಸ್ಟೇರಿಂಗ್ ಬೇರೆಯವರ ಕೈಯಲ್ಲಿತ್ತು, ಅಷ್ಟೆ.

ಮಾರನೇ ದಿನ ನನ್ನ ಸೈಕಲ್ ಬಂತು. ಮತ್ತೆ ವಾನ್ಸ್‌ಗೆ ಹೋಗಿ, ಅದೇ ಘಾಟಿಯ ಕೆಳಗಿನ ನಾಲ್ಕು ತಿರುವನ್ನು ಆರು ಸಲ ಹತ್ತಿ ಇಳಿದೆ. ಆರನೇ ಸಲ ಕೈ ಸ್ವಲ್ಪ ಸಡಿಲವಾಯ್ತು.

ಸ್ಪರ್ಧೆಯ ಬೆಳಗಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದಡದಲ್ಲಿ ಮರಳಿಲ್ಲ, ಬರೀ ಉರುಟು ಕಲ್ಲು, ಬರಿಗಾಲಿಗೆ ಶಿಕ್ಷೆ. ಕಡಲು ತಿಳಿಯಾಗಿತ್ತು. ಈಜಿದೆ, ಹೊರಗೆ ಬಂದೆ, ಸೈಕಲ್ ಹತ್ತಿದೆ. ಕೋಲ್ ದ ಲೆಕ್ರ್ ಅನ್ನುವ ದೊಡ್ಡ ಏರು ಮುಗಿದಾಗ 1,100 ಮೀಟರ್ ದಾಟಿದ್ದೆ. ಮೇಲಿನ ಬಯಲಿನಲ್ಲಿ ತಣ್ಣನೆ ಗಾಳಿ. ಅಲ್ಲಿಂದ ಮುಂದೆ ಗ್ರೆಯೋಲಿಯೇರ್ ಕಡೆಗೆ ಇಳಿಜಾರು.

ಟ್ರಯಥ್ಲಾನಿನವರಿಗೆ ಇಳಿಯಲು ಬರುವುದಿಲ್ಲ ಅಂತ ಸೈಕಲ್ ರೇಸಿನವರು ಆಡಿಕೊಳ್ಳುತ್ತಾರೆ. ಪೂರ್ತಿ ಸುಳ್ಳಲ್ಲ. ನಮ್ಮ ಅಭ್ಯಾಸ ಎಲ್ಲ ನೇರ ಹೆದ್ದಾರಿಯಲ್ಲಿ, ಇಲ್ಲಾಂದ್ರೆ ಮನೆಯೊಳಗೆ ಸೈಕಲ್ಲನ್ನು ನಿಂತಲ್ಲೇ ತುಳಿಯುವ ಟ್ರೈನರ್ ಮೇಲೆ. ಗಾಳಿ ಸೀಳಲು ಮುಂದೆ ಏರೋಬಾರ್ ಇರುತ್ತದೆ, ಮೊಣಕೈ ಊರಿ ಮಲಗಿದ ಹಾಗೆ ಕೂರುತ್ತೇವೆ. ಆಗ ಬ್ರೇಕ್ ಕೈಗೆ ಸಿಗುವುದಿಲ್ಲ. ಕೈ ತೆಗೆದು ಹ್ಯಾಂಡಲ್‌ಗೆ ತರಲು ಒಂದು ಸೆಕೆಂಡ್ ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಹದಿನಾರು ಮೀಟರ್‌ಗೂ ಜಾಸ್ತಿ ಹೋಗಿರುತ್ತೇವೆ. ವೇಗ ಎರಡರಷ್ಟಾದರೆ ಬ್ರೇಕ್ ಹಾಕಿ ನಿಲ್ಲಲು ಬೇಕಾದ ದೂರ ನಾಲ್ಕರಷ್ಟು. ಇದರ ಮೇಲೆ ಗಂಟೆಗಟ್ಟಲೆ ದಣಿದ ಮೈ, ಜೋಮು ಹಿಡಿದ ಬೆರಳು, ಖಾಲಿ ಹೊಟ್ಟೆ. ಬೆಳಿಗ್ಗೆ ಎಂಟಕ್ಕೆ ಇಳಿಯುವ ಘಾಟಿ ಬೇರೆ, ಇದೇ ಬೇರೆ.

ಗ್ರೆಯೋಲಿಯೇರ್ ದಾರಿ ಬಂಡೆ ಕೆತ್ತಿ ಮಾಡಿದ್ದು. ಒಂದು ಕಡೆ ಗೋಡೆಯಂಥ ಬೆಟ್ಟ, ಇನ್ನೊಂದು ಕಡೆ ಗಿಡ್ಡ ಕಟ್ಟೆ, ಅದರಾಚೆ ಲೂ ನದಿಯ ಕಂದರ. ನಡುನಡುವೆ ಬಂಡೆ ಕೊರೆದ ಚಿಕ್ಕ ಸುರಂಗಗಳು. ಅಷ್ಟು ಚೆಂದದ ರಸ್ತೆ ನಾನು ನೋಡಿಲ್ಲ ಅಂತ ಫೋಟೋ ನೋಡಿದ ಮೇಲೆ ಹೇಳುತ್ತಿದ್ದೇನೆ. ಇಳಿಯುವಾಗ ನೋಡಿದ್ದು ಮುಂದಿನ ಮೂವತ್ತು ಮೀಟರ್ ಡಾಂಬರು ಮಾತ್ರ.

ಮೊದಲ ಸುರಂಗದಲ್ಲೇ ಪಾಠ. ಕಪ್ಪು ಕನ್ನಡಕ ಹಾಕಿದ್ದೆ. ಸುಡು ಬಿಸಿಲಿನಿಂದ ಒಳಗೆ ನುಗ್ಗಿದ ಕೂಡಲೇ ಕುರುಡು. ಉಸಿರು ಬಿಗಿಹಿಡಿದು ಹ್ಯಾಂಡಲ್ ನೇರ ಇಟ್ಟೆ, ಇನ್ನೇನು ಮಾಡಲೂ ತೋಚಲಿಲ್ಲ. ಎರಡನೇ ಸುರಂಗಕ್ಕೆ ಮೊದಲೇ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡೆ, ನಮ್ಮ ಊರಿನ ಶಾನುಭೋಗರ ಹಾಗೆ.

ಹಿಂದಿನಿಂದ "ಆ ಗೋಶ್! ಆ ಗೋಶ್!" ಅಂತ ಕೂಗು. ಅಲ್ಲಿ ನಿಧಾನದವರು ಬಲಕ್ಕಿರಬೇಕು, ಎಡದಿಂದ ದಾಟುವವರು ಹೀಗೆ ಕೂಗುತ್ತಾರೆ. ಗೋಶ್ ಅಂದರೆ ಎಡ ಅಂತ ಮುತುವರ್ಜಿಯಿಂದ ಕಲಿತುಕೊಂಡಿದ್ದೆ. ಕಲಿತದ್ದೇ ತಪ್ಪಾಯ್ತು. ಎಡ ಅಂತ ಕೇಳಿದ ಕೂಡಲೇ ಮೈ ಎಡಕ್ಕೆ ವಾಲಿತು, ಊರಿನಲ್ಲಿ ಬಸ್ಸಿಗೆ ದಾರಿ ಬಿಡುವ ಹಾಗೆ. ಒಬ್ಬ ನನ್ನ ಮೊಣಕೈ ಸವರಿಕೊಂಡು ಹೋದ. ಅವನು ಬೈದದ್ದು ಅರ್ಥವಾಗದಿದ್ದುದು ಒಳ್ಳೆಯದೇ. ಆಮೇಲೆ ಬಾಯಿಬಿಟ್ಟು ಹೇಳಿಕೊಳ್ಳತೊಡಗಿದೆ, "ಬಲ, ಬಲ, ಬಲ."

ಒಂದು ತಿರುವಿನ ಆಚೆ ಆಂಬುಲೆನ್ಸ್ ನಿಂತಿತ್ತು. ನೆಲದಲ್ಲಿ ಒಬ್ಬಾತ, ಮೇಲೆ ಹೊಳೆಯುವ ಹೊದಿಕೆ. ಕಾಲು ಅಲ್ಲಾಡುತ್ತಿತ್ತು, ಅಷ್ಟು ನೋಡಿಕೊಂಡೆ. ಅವನ ಸೈಕಲ್ ಕಟ್ಟೆಗೆ ಒರಗಿತ್ತು, ಮುಂದಿನ ಚಕ್ರ ಹಪ್ಪಳದ ಹಾಗೆ ಮಡಚಿಕೊಂಡಿತ್ತು. ಒಂದೆರಡು ಕಿಲೋಮೀಟರ್ ಎಲ್ಲರೂ ನಿಧಾನವಾದರು. ಆಮೇಲೆ ಮತ್ತೆ "ಆ ಗೋಶ್".

ನಿಜವಾದ ಹೆದರಿಕೆ ತಿರುವಿನಲ್ಲಿ ಬರಲಿಲ್ಲ, ನೇರ ರಸ್ತೆಯಲ್ಲಿ ಬಂತು. ಹತ್ತುವಾಗ ನೆಂದ ಬಟ್ಟೆ ಇಳಿಯುವಾಗ ಮಂಜುಗಡ್ಡೆ. ಚಳಿಗೆ ಮೈ ನಡುಗಿತು, ಮೈ ಜೊತೆ ಹ್ಯಾಂಡಲ್ ನಡುಗಿತು, ನೋಡನೋಡುತ್ತಿದ್ದಂತೆ ಇಡೀ ಸೈಕಲ್ ದೆವ್ವ ಹಿಡಿದ ಹಾಗೆ ಅದುರತೊಡಗಿತು. ವೇಗದ ಮೀಟರ್ 58 ತೋರಿಸುತ್ತಿತ್ತು. ಗಟ್ಟಿಯಾಗಿ ಹಿಡಿದಷ್ಟೂ ಜಾಸ್ತಿಯಾಗುತ್ತದೆ ಅಂತ ಓದಿದ್ದೆ. ಓದುವುದು ಸುಲಭ, ಅಲ್ವಾ? ಬೀಳುವ ಸೈಕಲ್ಲಿನ ಹಿಡಿತ ಸಡಿಲಿಸು ಅಂದರೆ ಯಾವ ಕೈ ಕೇಳುತ್ತೆ? ಎರಡು ಮೊಣಕಾಲನ್ನು ಒಳಗೆ ತಂದು ಸೈಕಲ್ಲಿನ ಮೇಲಿನ ಕಂಬಿಯನ್ನು ಒತ್ತಿ ಹಿಡಿದೆ. ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿದೆ. ಅದುರು ನಿಂತಿತು, ಯಾರೋ ಸ್ವಿಚ್ ಆರಿಸಿದ ಹಾಗೆ. ರಸ್ತೆ ಪಕ್ಕ ನಿಂತು ಐದು ನಿಮಿಷ ಬಿಸಿಲು ಕಾಯಿಸಿಕೊಂಡೆ. ಜೇಬಿನಲ್ಲಿ ಅಕ್ಕ ಕೂರ್ ಸಲೇಯಾ ಸಂತೆಯಲ್ಲಿ ತಂದು ತುರುಕಿದ್ದ ನಿಂಬೆಹಣ್ಣಿತ್ತು. ಮೂಸಿದೆ. ಸ್ಪರ್ಧೆ ನಡುವೆ ನಿಂತು ನಿಂಬೆಹಣ್ಣು ಮೂಸುವ ಹೆಂಗಸನ್ನು ನೋಡಿ ಹೋದವರು ಏನಂದುಕೊಂಡರೋ.

ಅಲ್ಲಿಂದ ಮುಂದೆ ಮೀಟರ್ 45 ದಾಟದ ಹಾಗೆ ಇಳಿದೆ. ಬ್ರೇಕ್ ಒತ್ತಿ ಒತ್ತಿ ಬೆರಳು ಸೆಟೆದುಕೊಂಡಿತು. ಹತ್ತುವಾಗ ನಾನು ಹಿಂದೆ ಹಾಕಿದ್ದವರೆಲ್ಲ ಮುಂದೆ ಹೋದರು. ಒಬ್ಬಳು ತುಂಬಾ ದಪ್ಪ ಜಡೆಯವಳು, ಅವಳನ್ನು ಏರಿನಲ್ಲಿ ಮೂರು ಸಲ ದಾಟಿದ್ದೆ, ಇಳಿಜಾರಿನಲ್ಲಿ ಮೂರು ಸಲ ಅವಳು ನನ್ನನ್ನು ದಾಟಿದಳು. ಸೈಕಲ್ ಮುಗಿಸಿದಾಗ 7 ಗಂಟೆ 52 ನಿಮಿಷ ಆಗಿತ್ತು. ಇಳಿಯುವಾಗಲೇ ಕಡಿಮೆ ಅಂದರೂ ಇಪ್ಪತ್ತು ನಿಮಿಷ ಕಳೆದಿರಬೇಕು. ಗೆಳತಿಯರು ಅದನ್ನು ಹೇಗೆ ಉಳಿಸಬಹುದಿತ್ತು ಅಂತ ಇವತ್ತಿಗೂ ಲೆಕ್ಕ ಹಾಕಿ ಕೊಡುತ್ತಾರೆ. ನನಗೆ ಆ ಲೆಕ್ಕದಲ್ಲಿ ಆಸಕ್ತಿ ಇಲ್ಲ. ಹಪ್ಪಳದಂಥ ಆ ಚಕ್ರ ಅವರು ನೋಡಿಲ್ಲ.

ಓಟ ಪ್ರೊಮೆನಾಡ್ ಉದ್ದಕ್ಕೂ, ಒಂದೇ ದಾರಿಯಲ್ಲಿ ಹೋಗಿ ಬಂದು ಹೋಗಿ ಬಂದು. ಬೇಜಾರಿನ ಓಟ. ಆದರೆ ಸಪಾಟು ನೆಲ! ಇಷ್ಟು ಪ್ರೀತಿಯಿಂದ ಯಾವ ನೆಲದ ಮೇಲೂ ನಾನು ಓಡಿಲ್ಲ. ಕತ್ತಲಾದ ಮೇಲೆ ಮುಗಿಸಿದೆ.

ಮಾರನೇ ದಿನ ವಾನ್ಸ್‌ಗೆ ಇನ್ನೊಂದು ಸಲ ಹೋಗೋಣ ಅಂದಳು ಅಕ್ಕ, ಆ ಅಂಗಡಿಯ ಕಾಫಿ ಇಷ್ಟವಾಗಿತ್ತು. ಅಜ್ಜ ಇರಲಿಲ್ಲ. ಸಂಜೆ ಬಸ್ಸಿನಲ್ಲಿ ನೀಸ್ ಕಡೆ ಇಳಿಯುತ್ತಿದ್ದೆವು. ತಿರುವು ಬಂದಾಗಲೆಲ್ಲ ನನ್ನ ಎರಡು ಕೈ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಚುಕುತ್ತಿದ್ದವು. ಅಕ್ಕ ಸ್ವಲ್ಪ ಹೊತ್ತು ನೋಡಿದಳು.

"ಬಿಡೇ ಮಾರಾಯ್ತಿ," ಅಂದಳು, "ಬಸ್ಸಿಗೆ ಡ್ರೈವರ್ ಇದ್ದಾನೆ."