ಗಾಯಕ್ಕೆ ಏನು ಹಚ್ಚಲಿ ಅನ್ನೋರಿಗೆ

ಶುಗರ್ ಇರೋರ ಕಾಲಲ್ಲಿ ಗಾಯ ಆಯ್ತು ಅಂದ್ರೆ ಎಲ್ಲರೂ ಕೇಳೋದು ಒಂದೇ, ಏನು ಹಚ್ಚಬೇಕು? ನಮ್ಮ ಅಪ್ಪನಿಗೆ ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ಹುಣ್ಣಾಗಿ ವಾಸಿಯಾದ ಮೇಲೆ ಗೊತ್ತಿರೋರೆಲ್ಲ ನನಗೆ ಫೋನ್ ಮಾಡಿ ಇದನ್ನೇ ಕೇಳ್ತಾರೆ, ಯಾವ ಆಯಿಂಟ್‌ಮೆಂಟು, ಯಾವ ಪೌಡರು, ಯಾವ ಡ್ರೆಸ್ಸಿಂಗು ಅಂತ. ನಾನು ಡಾಕ್ಟರ್ ಅಲ್ಲ, ಅಪ್ಪನ ಕಾಲನ್ನ ದಿನಾ ನೋಡೋ ಮಗಳು ಅಷ್ಟೆ. ಆದ್ರೂ ನಾನು ಅವರಿಗೆ ವಾಪಸ್ ಒಂದು ಪ್ರಶ್ನೆ ಕೇಳ್ತೀನಿ, ಆ ಕಾಲಿನ ಮೇಲೆ ಇನ್ನೂ ಓಡಾಡ್ತಾ ಇದಾರಾ? ಹೂಂ, ಮನೆಯೊಳಗೆ ಅಷ್ಟೇ, ಅಂತಾರೆ. ಮನೆಯೊಳಗೆ ಓಡಾಡ್ತಾ ಇದ್ರೆ ಏನು ಹಚ್ಚಿದ್ರೂ ಆ ಗಾಯ ಕೂಡೋದು ಬಹಳ ಕಷ್ಟ.

ಯಾಕೆ ಅಂತ ಹೇಳ್ತೀನಿ. ನಮಗೆ ನಿಮಗೆ ಅಂಗಾಲಿಗೆ ಮುಳ್ಳು ಚುಚ್ಚಿದ್ರೆ ಕುಂಟ್ತೀವಿ, ಯಾರೂ ಹೇಳ್ಕೊಡಬೇಕಾಗಿಲ್ಲ, ಆ ಜಾಗಕ್ಕೆ ಭಾರ ಬೀಳದ ಹಾಗೆ ಕಾಲು ತಾನೇ ಓರೆಯಾಗಿ ಊರತ್ತೆ. ಆ ಕುಂಟೋದೇ ಅರ್ಧ ಚಿಕಿತ್ಸೆ. ಶುಗರ್‌ನಿಂದ ನರ ಕೆಟ್ಟವರು ಕುಂಟಲ್ಲ. ಅಂಗಾಲಲ್ಲಿ ಬೆರಳು ಹೋಗೋಷ್ಟು ತೂತು ಇದ್ರೂ ನೆಟ್ಟಗೆ ನಡೀತಾರೆ, ಪ್ರತಿ ಹೆಜ್ಜೆಗೂ ಇಡೀ ಮೈಭಾರ ಅದೇ ಹಸಿ ಜಾಗದ ಮೇಲೆ ಬೀಳತ್ತೆ, ರಾತ್ರಿಯೆಲ್ಲ ಕೂಡಿದ್ದು ಬೆಳಿಗ್ಗೆ ಬಾತ್‌ರೂಮಿಗೆ ಹೋಗಿ ಬರೋಷ್ಟರಲ್ಲಿ ಮತ್ತೆ ಜಜ್ಜಿ ಹೋಗತ್ತೆ. ಅಪ್ಪನೂ ಹಾಗೇ, "ನೋವೇ ಇಲ್ಲ, ಬಿಡಮ್ಮಾ" ಅಂತಿದ್ರು. ನೋವಿಲ್ಲದೇ ಇರೋದೇ ಕಾಯಿಲೆ ಅಂತ ಅವರಿಗೆ ಮನಸ್ಸಿಗೆ ಹೋಗೋದಕ್ಕೆ ತುಂಬಾ ಸಮಯ ಹಿಡೀತು.

ಇದನ್ನ ಮೊದಲು ಚೆನ್ನಾಗಿ ಅರ್ಥ ಮಾಡ್ಕೊಂಡಿದ್ದು ಕುಷ್ಠರೋಗದ ಕಡೆಯಿಂದ ಅನ್ನೋದು ನನಗೆ ಬಹಳ ದೊಡ್ಡ ವಿಷಯ ಅನ್ಸತ್ತೆ. ವೆಲ್ಲೂರಿನಲ್ಲಿ ಕೆಲಸ ಮಾಡ್ತಿದ್ದ ಸರ್ಜನ್ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಕೈಬೆರಳು ಕಾಲ್ಬೆರಳು ಸವೆದು ಹೋಗೋದು ಮಾಂಸ ತಾನಾಗಿ ಕೊಳೆಯೋದ್ರಿಂದ ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ, ಅದು ಸ್ಪರ್ಶಜ್ಞಾನ ಹೋಗಿ ಗೊತ್ತಾಗದ ಹಾಗೆ ಮತ್ತೆ ಮತ್ತೆ ಏಟು ಬೀಳೋದ್ರಿಂದ ಅಂತ ತೋರಿಸಿದ್ರು. ಆಮೇಲೆ ಅವರು ಅಮೆರಿಕಾದ ಕಾರ್ವಿಲ್‌ನ ಕುಷ್ಠರೋಗ ಆಸ್ಪತ್ರೆಗೆ ಹೋದಾಗ ಅದೇ ತಿಳುವಳಿಕೆ ಡಯಾಬಿಟಿಸ್ ಕಾಲಿಗೂ ಬಂತು. ಕಾಯಿಲೆ ಬೇರೆ, ಕಾಲು ಹಾಳಾಗೋ ದಾರಿ ಒಂದೇ.

ನರ ಕೆಡೋದು ಉದ್ದದ ನರದಿಂದ ಶುರುವಾಗತ್ತೆ, ಅದಕ್ಕೇ ಮೊದಲು ಕಾಲ್ಬೆರಳ ತುದಿ, ಆಮೇಲೆ ಪಾದ, ಆಮೇಲೆ ಮೇಲಕ್ಕೆ, ಎರಡೂ ಕಾಲಲ್ಲಿ ಒಟ್ಟೊಟ್ಟಿಗೆ. ಕೆಲವರಿಗೆ ಜುಮುಜುಮು, ರಾತ್ರಿ ಮಲಗಿದ್ರೆ ಅಂಗಾಲು ಉರಿ. ಎಷ್ಟೋ ಜನಕ್ಕೆ ಏನೂ ಇಲ್ಲ. ಇಲ್ಲೊಂದು ತಪ್ಪು ತಿಳುವಳಿಕೆ ಇದೆ, ನಂಗೆ ಕಾಲು ಉರಿಯತ್ತಲ್ಲ, ಅಂದ್ರೆ ನರ ಚೆನ್ನಾಗೇ ಇದೆ ಅಂತ. ಇಲ್ಲ, ಉರಿನೂ ಇದ್ದು ಸೂಜಿ ಚುಚ್ಚಿದ್ದೂ ಗೊತ್ತಾಗದೇ ಇರೋರು ಇದಾರೆ. ಬರೀ ಸ್ಪರ್ಶ ಹೋಗೋದಷ್ಟೇ ಆಗಿದ್ರೆ ಬೇರೆ ಮಾತು, ಬೆವರು ಬರಿಸೋ ನರಾನೂ ಕೆಟ್ಟು ಪಾದ ಒಣಗಿ ಹಿಮ್ಮಡಿ ಒಡೆಯತ್ತೆ, ಪಾದದ ಸಣ್ಣ ಸಣ್ಣ ಸ್ನಾಯು ಸೊರಗಿ ಬೆರಳು ಮೇಲಕ್ಕೆ ಮುದುಡ್ಕೊಳತ್ತೆ, ಬೆರಳು ಮುದುಡಿದಾಗ ಅದರ ಬುಡದ ಮೂಳೆ ಕೆಳಗೆ ಒತ್ತತ್ತೆ, ಒತ್ತಿದ ಜಾಗದಲ್ಲಿ ಚರ್ಮ ಜಡ್ಡುಗಟ್ಟತ್ತೆ. ಈ ಜಡ್ಡನ್ನ ಜನ ರಕ್ಷಣೆ ಅಂದ್ಕೊಳ್ತಾರೆ. ಅದು ಚಪ್ಪಲಿಯೊಳಗೆ ಸೇರ್ಕೊಂಡ ಕಲ್ಲಿದ್ದ ಹಾಗೆ, ಒತ್ತಡ ಇನ್ನೂ ಜಾಸ್ತಿ ಮಾಡತ್ತೆ, ಅದರಡಿಯಲ್ಲೇ ರಕ್ತ ಒಸರಿ ಹುಣ್ಣು ಶುರುವಾಗಿರತ್ತೆ. ಜಡ್ಡಿನ ಮಧ್ಯೆ ಕಪ್ಪು ಅಥವಾ ಕಂದು ಚುಕ್ಕೆ ಕಂಡ್ರೆ ಕಾಯ್ಬೇಡಿ. ಅದನ್ನ ತೆಗೆಯೋದು ತಿಳಿದವರ ಕೆಲಸ, ಬ್ಲೇಡ್ ತಗೊಂಡು ಮನೇಲಿ ಕೂತು ಕೆರೆಯೋದೂ ಬೇಡ, ಆಣಿಗೆ ಅಂಟಿಸೋ ಪಟ್ಟಿನೂ ಬೇಡ, ಅದರಲ್ಲಿರೋ ಆಸಿಡ್ ಒಳ್ಳೇ ಚರ್ಮಾನೂ ಸುಡತ್ತೆ.

ಸ್ಪರ್ಶ ಇದೆಯೋ ಇಲ್ವೋ ಅಂತ ಮನೇಲೇ ನೋಡೋಕೆ ಒಂದು ಸುಲಭದ ವಿಧಾನ ಇದೆ, ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ಶುರುವಾಗಿದ್ದು, ಇಪ್ಸ್‌ವಿಚ್ ಟಚ್ ಟೆಸ್ಟ್ ಅಂತಾನೇ ಹೆಸರು. ಶುಗರ್ ಇರೋರು ಕಣ್ಣು ಮುಚ್ಕೊಂಡು ಮಲಗಬೇಕು, ನೀವು ಎರಡೂ ಕಾಲಿನ ಹೆಬ್ಬೆರಳು, ಮಧ್ಯದ ಬೆರಳು, ಕಿರುಬೆರಳಿನ ತುದೀನ ನಿಮ್ಮ ತೋರುಬೆರಳಲ್ಲಿ ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಬೇಕು, ಒತ್ತಬಾರದು, ಸವರಬಾರದು, ತಟ್ಟಬಾರದು. ಒಟ್ಟು 6 ಜಾಗ. 2 ಅಥವಾ ಅದಕ್ಕಿಂತ ಜಾಸ್ತಿ ಗೊತ್ತಾಗ್ಲಿಲ್ಲ ಅಂದ್ರೆ ಆ ಕಾಲು ಅಪಾಯದಲ್ಲಿದೆ ಅಂತ ಲೆಕ್ಕ. ಕ್ಲಿನಿಕ್‌ನಲ್ಲಾದ್ರೆ 10 ಗ್ರಾಂ ಒತ್ತಡಕ್ಕೆ ಬಾಗೋ ನೈಲಾನ್ ಎಳೆಯಿಂದ ಮುಟ್ಟಿ ನೋಡ್ತಾರೆ, 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ ಇಟ್ಟು ಕಂಪನ ಗೊತ್ತಾಗತ್ತಾ ಕೇಳ್ತಾರೆ. ವರ್ಷಕ್ಕೆ ಒಂದು ಸಲ ಆದ್ರೂ ಇದು ಆಗ್ಲೇಬೇಕು, ಸ್ಪರ್ಶ ಹೋಗಿದ್ರೆ ಇನ್ನೂ ಬೇಗ ಬೇಗ. ಶುಗರ್ ರಿಪೋರ್ಟ್ ನೋಡಿ ಮಾತ್ರೆ ಬರ್ಕೊಟ್ಟು ಕಳಿಸಿದ್ರೆ, ಸಾಕ್ಸ್ ಬಿಚ್ಚಿ ಕಾಲೂ ನೋಡಿ ಡಾಕ್ಟ್ರೇ ಅಂತ ನೀವೇ ಕೇಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ದಿನಾ ಕಾಲು ನೋಡೋ ಕೆಲಸ ನಮ್ಮನೇಲಿ ನಂದು. ಅವರೇ ನೋಡ್ಕೊಳ್ಳೋ ಹಾಗಿದ್ರೆ ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡ್ಬಹುದು, ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡ್ಬಹುದು, ಆದ್ರೆ ಶುಗರ್‌ನಿಂದ ಕಣ್ಣೂ ಮಂಜಾಗಿರೋರು, ಬಗ್ಗೋಕಾಗದವರು ತುಂಬಾ ಜನ, ಅವರನ್ನ ಅವರ ಪಾಡಿಗೆ ಬಿಡಬೇಡಿ. ಬೆರಳ ಸಂದಿ, ಹಿಮ್ಮಡಿ ಅಂಚು, ಉಗುರಿನ ಪಕ್ಕ, ಇವು ಮೂರು ಜಾಗ ಕಣ್ಣಿಗೆ ತಪ್ಪಿಸ್ಕೊಳತ್ತೆ. ಚಪ್ಪಲಿ ಶೂ ಹಾಕೋ ಮೊದಲು ಒಳಗೆ ಕೈ ಹಾಕಿ ಸವರಿ ನೋಡಬೇಕು, ಮೊಳೆ ತುದಿ ಇರಬಹುದು, ಮಡಚಿದ ಹೊಲಿಗೆ ಇರಬಹುದು, ಅವರಿಗಂತೂ ಗೊತ್ತಾಗಲ್ಲ.

ಎರಡೂ ಪಾದದ ಮೇಲೆ ಕೈ ಇಟ್ಟು ಬಿಸಿ ಹೋಲಿಸಿ ನೋಡಿ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಪಾದದ ಒಂದು ಜಾಗ ಇನ್ನೊಂದು ಪಾದದ ಅದೇ ಜಾಗಕ್ಕಿಂತ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಇದ್ದು ಮಾರನೇ ದಿನಾನೂ ಹಾಗೇ ಇದ್ರೆ ಒಳಗೆ ಉರಿಯೂತ ಶುರುವಾಗಿದೆ ಅಂತ, ಚರ್ಮ ಒಡೆಯೋಕೆ ಮುಂಚೆನೇ ಸಿಗೋ ಸುಳಿವು ಇದು, ಅದಕ್ಕೆ ಅಂತಾನೇ ಚರ್ಮದ ಥರ್ಮಾಮೀಟರ್ ಇದೆ. ಗಾಯ ಏನೂ ಇಲ್ಲ, ನೋವೂ ಅಷ್ಟಕ್ಕಷ್ಟೇ, ಆದ್ರೆ ಒಂದು ಪಾದ ಕೆಂಪಾಗಿ ಬಿಸಿಯಾಗಿ ಊದಿದೆ ಅಂದ್ರೆ ಅದು ಶಾರ್ಕೋ ಪಾದ ಇರಬಹುದು. ನರ ಕೆಟ್ಟವರ ಕೀಲು ಹೀಗೆ ಕುಸಿಯೋದನ್ನ ಫ್ರಾನ್ಸಿನ ಡಾಕ್ಟರ್ ಶಾರ್ಕೋ 1868ರಲ್ಲೇ ಬೇರೊಂದು ಕಾಯಿಲೆಯವರಲ್ಲಿ ವಿವರಿಸಿದ್ರು. ಒಳಗೆ ಮೂಳೆ ಮುರೀತಾ ಇರತ್ತೆ, ಮನುಷ್ಯ ಅದರ ಮೇಲೇ ನಡೀತಾ ಇರ್ತಾರೆ, ಮೊದಮೊದಲು ಎಕ್ಸ್‌ರೇಲೂ ಏನೂ ಕಾಣದೇ ಇರಬಹುದು, ಉಳುಕು ಅಂತಲೋ ಗೌಟ್ ಅಂತಲೋ ಹೇಳಿ ಕಳಿಸೋದೂ ಉಂಟು. ಅದು ಶಾರ್ಕೋ ಅಲ್ಲ ಅಂತ ಡಾಕ್ಟರ್ ನೋಡಿ ಖಚಿತವಾಗಿ ಹೇಳೋ ತನಕ ಆ ಕಾಲನ್ನ ನೆಲಕ್ಕೆ ಊರಿಸಬೇಡಿ.

ಇನ್ನು ಗಾಯಕ್ಕೆ ಬರೋಣ. ಮನೇಲಿ ಮಾಡೋದು ಇಷ್ಟೇ, ಶುದ್ಧ ನೀರಲ್ಲೋ ಸಲೈನಲ್ಲೋ ತೊಳೆದು, ಉಜ್ಜದೇ ಮೆಲ್ಲಗೆ ಒತ್ತಿ ಒರೆಸಿ, ಸ್ಟೆರೈಲ್ ಗಾಜ್ ಇಟ್ಟು ಹಗುರವಾಗಿ ಸುತ್ತಿ, ಅವತ್ತೇ ಇಲ್ಲಾ ಮಾರನೇ ದಿನ ಡಾಕ್ಟರ್ ಹತ್ರ. ಬಕೆಟ್ ನೀರಲ್ಲಿ ಕಾಲು ನೆನೆ ಹಾಕಬೇಡಿ, ಹೈಡ್ರೋಜನ್ ಪೆರಾಕ್ಸೈಡ್ ಸುರೀಬೇಡಿ, ಬುರುಗು ಬಂದ್ರೆ ಕ್ಲೀನ್ ಆಗ್ತಿದೆ ಅನ್ಸತ್ತೆ, ಅದು ಹೊಸದಾಗಿ ಬೆಳೀತಿರೋ ಚರ್ಮಕ್ಕೂ ಹಾನಿ ಮಾಡತ್ತೆ. ಗಾಯ ಗಾಳಿಗೆ ಬಿಟ್ಟು ಒಣಗಿಸ್ಬೇಕು ಅನ್ನೋದೂ ಹಳೇ ನಂಬಿಕೆ, ಹದವಾದ ತೇವ ಇದ್ರೆ ಚರ್ಮ ಬೇಗ ಬೆಳೆಯತ್ತೆ ಅಂತ 1962ರಲ್ಲೇ ಜಾರ್ಜ್ ವಿಂಟರ್ ಅನ್ನೋ ಸಂಶೋಧಕರು ತೋರಿಸಿದ್ರು. ಡ್ರೆಸ್ಸಿಂಗ್ ರೂಮಲ್ಲಿ ಸತ್ತ ಚರ್ಮ, ಜಡ್ಡು ಎಲ್ಲ ಕತ್ತರಿಸಿ ತೆಗೆದಾಗ ಮನೆಯವರು ಹೆದರಿಬಿಡ್ತಾರೆ, ಅಯ್ಯೋ ಗಾಯ ದೊಡ್ಡದು ಮಾಡ್ಬಿಟ್ರಲ್ಲ ಅಂತ. ಇದ್ದ ಗಾಯದ ನಿಜವಾದ ಅಳತೆ ಈಗ ಕಾಣ್ತಾ ಇದೆ ಅಷ್ಟೆ, ಅದು ತೆಗೀದೆ ಇದ್ರೆ ಕೂಡಲ್ಲ.

ಮತ್ತೆ ಭಾರದ ಮಾತು. ಅಂಗಾಲಿನ ಹುಣ್ಣಿಗೆ ಮಂಡಿ ಕೆಳಗಿನವರೆಗೂ ಬರೋ, ಬಿಚ್ಚೋಕಾಗದ ಕಾಸ್ಟ್ (ಪ್ಲಾಸ್ಟರ್ ಥರದ ಗಟ್ಟಿ ಕಟ್ಟು) ಅಥವಾ ಬೂಟ್ ಅನ್ನೇ ಮೊದಲ ಆಯ್ಕೆ ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳ್ತವೆ, ಸೋಂಕು ಜಾಸ್ತಿ ಇಲ್ಲದೇ ಇದ್ರೆ, ರಕ್ತ ಓಡಾಟ ಸರಿ ಇದ್ರೆ. ಬಿಚ್ಚೋಕಾಗದ್ದು ಯಾಕೆ? ಬಿಚ್ಚೋಕಾದ್ರೆ ಬಿಚ್ತಾರೆ, ಅದಕ್ಕೆ! 2003ರ ಒಂದು ಅಧ್ಯಯನದಲ್ಲಿ ಬಿಚ್ಚಬಹುದಾದ ಬೂಟ್ ಹಾಕಿಸ್ಕೊಂಡವರಿಗೆ ಗೊತ್ತಾಗದ ಹಾಗೆ ಹೆಜ್ಜೆ ಎಣಿಸಿ ನೋಡಿದಾಗ ಅವರ ದಿನದ ಓಡಾಟದಲ್ಲಿ 28% ಮಾತ್ರ ಬೂಟ್ ಹಾಕ್ಕೊಂಡು ಆಗಿತ್ತು. ಅಪ್ಪ ಕಾಸ್ಟ್ ಹಾಕಿಸ್ಕೊಂಡಾಗ ದಿನಾ ಗೊಣಗೋರು, ಇದೇನು ಮಾರಾಯ್ತಿ ಕಾಲಿಗೆ ಬೇಡಿ ಅಂತ, ನಂಗೂ ಪಾಪ ಅನ್ಸೋದು, ಆದ್ರೆ ಎಷ್ಟೋ ಆಯಿಂಟ್‌ಮೆಂಟಿಗೆ ಬಗ್ಗದ ಹುಣ್ಣು ಅದರೊಳಗೇ ಕೂಡ್ತು. ಒಂದು ಎಚ್ಚರಿಕೆ, ಕಾಸ್ಟ್ ಒಳಗೆ ಉಜ್ಜಿದ್ರೂ ಅವರಿಗೆ ಗೊತ್ತಾಗಲ್ಲ, ಹೇಳಿದ ದಿನ ತಪ್ಪದೇ ಹೋಗಿ ಬಿಚ್ಚಿಸಿ ನೋಡಿಸ್ಬೇಕು, ವಾಸನೆ ಬಂದ್ರೆ ಜ್ವರ ಬಂದ್ರೆ ಆ ದಿನಕ್ಕೂ ಕಾಯಬಾರದು.

ಗಾಯದ ಉದ್ದ ಅಗಲ ಅಳೆದು ಬರೆದಿಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೀರಿ. 4 ವಾರದಲ್ಲಿ ಅದರ ವಿಸ್ತೀರ್ಣ ಅರ್ಧದಷ್ಟಾದ್ರೂ ಕಮ್ಮಿ ಆಗದೇ ಇದ್ರೆ ಅದೇ ಡ್ರೆಸ್ಸಿಂಗ್ ಮುಂದುವರಿಸ್ಕೊಂಡು ಕೂರೋದ್ರಲ್ಲಿ ಅರ್ಥ ಇಲ್ಲ, ಭಾರ ಬೀಳ್ತಿದೆಯಾ, ರಕ್ತ ಬರ್ತಿಲ್ವಾ, ಸೋಂಕು ಮೂಳೆಗೆ ಇಳಿದಿದೆಯಾ ಅಂತ ಮೊದಲಿಂದ ನೋಡಬೇಕು. ರಕ್ತದ ವಿಷಯ ಎಲ್ಲಕ್ಕಿಂತ ಕಡೆಗಣಿಸೋದು. ನಡೆದ್ರೆ ಮೀನಖಂಡ ಹಿಡ್ಕೊಳ್ಳೋದು ರಕ್ತನಾಳ ಕಟ್ಟಿರೋದರ ಲಕ್ಷಣ ಅಂತಾರೆ, ನರ ಕೆಟ್ಟಿದ್ರೆ ಆ ನೋವೂ ಬರದೇ ಇರಬಹುದು. ಕಣಕಾಲು ಮತ್ತು ಕೈಯ ಬಿಪಿ ಹೋಲಿಸೋ ಪರೀಕ್ಷೆ ಇದೆ, ಆದ್ರೆ ಶುಗರ್ ಇರೋರ ರಕ್ತನಾಳ ಸುಣ್ಣ ಕಟ್ಟಿ ಗಟ್ಟಿಯಾಗಿದ್ರೆ ಅದು ಸುಳ್ಳು ಸುಳ್ಳೇ ಚೆನ್ನಾಗಿ ಬರತ್ತೆ, ಅದಕ್ಕೇ ಕಾಲಿನ ಹೆಬ್ಬೆರಳಿನ ಬಿಪಿ, ರಕ್ತ ಹೇಗೆ ಹರೀತಿದೆ ಅಂತ ತೋರಿಸೋ ಡಾಪ್ಲರ್ ಪರೀಕ್ಷೆ ಕೂಡ ನೋಡಬೇಕು. ಕಾಲು ತೆಗೀಬೇಕು ಅಂತ ಯಾರಾದ್ರೂ ಹೇಳಿದ್ರೆ, ಜೀವಕ್ಕೆ ತಕ್ಷಣದ ಅಪಾಯ ಇಲ್ಲದೇ ಇದ್ರೆ, ರಕ್ತನಾಳ ತೆರೆಯೋಕಾಗತ್ತಾ ಅಂತ ವ್ಯಾಸ್ಕುಲರ್ ಸರ್ಜನ್ ನೋಡಿದ್ದಾರಾ ಅಂತ ಕೇಳಿ. ಇನ್ನು ಸಿಗರೇಟು ಬೀಡಿ ಸೇದೋರಿದ್ರೆ, ಬಿಡಿಸಿ, ಬೇರೆ ಮಾತೇ ಇಲ್ಲ.

ಸೋಂಕು ಆಗದ ಗಾಯಕ್ಕೆ ಆ್ಯಂಟಿಬಯೋಟಿಕ್ ಬೇಕಿಲ್ಲ, ಇರಲಿ ಒಂದು ಕೋರ್ಸ್ ಅಂತ ತಗೊಳ್ಳೋದು ಬೇಡ. ಆದ್ರೆ ಗಾಯದ ಸುತ್ತ ಕೆಂಪು, ಬಿಸಿ, ಊತ, ಕೀವು, ಕೆಟ್ಟ ವಾಸನೆ, ಅಥವಾ ಇಷ್ಟು ದಿನ ನೋವೇ ಇಲ್ಲದ ಕಾಲಲ್ಲಿ ಇದ್ದಕ್ಕಿದ್ದ ಹಾಗೆ ನೋವು, ಇದ್ರಲ್ಲಿ ಏನೇ ಕಂಡ್ರೂ ಅವತ್ತೇ ಹೋಗಬೇಕು. ಕೆಂಪು ಗಾಯದ ಅಂಚಿಂದ 2 ಸೆಂಟಿಮೀಟರ್ ಅಥವಾ ಜಾಸ್ತಿ ಹರಡಿದ್ರೆ, ಬೆರಳು ಕಪ್ಪಾದ್ರೆ, ಚಳಿ ಜ್ವರ ಬಂದ್ರೆ ರಾತ್ರಿ ಆದ್ರೂ ಸರಿ, ಎಮರ್ಜೆನ್ಸಿ. ಜ್ವರ ಇಲ್ವಲ್ಲ ಅಂತ ಸಮಾಧಾನ ಮಾಡ್ಕೋಬೇಡಿ, ದೊಡ್ಡ ಸೋಂಕಲ್ಲೂ ಎಷ್ಟೋ ಸಲ ಜ್ವರ ಬರಲ್ಲ, ಕಾರಣ ಇಲ್ಲದೇ ಶುಗರ್ ಏರಿದ್ದೇ ಮೊದಲ ಸೂಚನೆ ಆಗಿರತ್ತೆ.

ಗಾಯ ಕೂಡಿದ ಮೇಲೆ ಮನೆಯವರೆಲ್ಲ ಉಸ್ಸಪ್ಪಾ ಅಂತ ಸುಮ್ಮನಾಗ್ತಾರೆ. ಕೂಡಿದವರಲ್ಲಿ ಸುಮಾರು 40% ಜನಕ್ಕೆ ಒಂದೇ ವರ್ಷದೊಳಗೆ ಮತ್ತೆ ಹುಣ್ಣಾಗತ್ತೆ, 5 ವರ್ಷದಲ್ಲಿ ಸುಮಾರು 65%. ನರ ಹಾಗೇ ಇದೆ, ಮುದುಡಿದ ಬೆರಳು ಹಾಗೇ ಇದೆ, ಮತ್ತೆ ಅದೇ ಹಳೇ ಚಪ್ಪಲಿ ಹಾಕಿದ್ರೆ ಇನ್ನೇನಾಗತ್ತೆ. ನಿಂತ್ಕೊಂಡು ಅಳತೆ ಕೊಡಬೇಕು, ಅತಿ ಉದ್ದದ ಬೆರಳಿನ ಮುಂದೆ 1ರಿಂದ 2 ಸೆಂಟಿಮೀಟರ್ ಜಾಗ ಬೇಕು, ಹೊಸದನ್ನ ಮೊದಲು ಸ್ವಲ್ಪ ಹೊತ್ತು ಹಾಕಿ ಬಿಚ್ಚಿ ಎಲ್ಲಾದ್ರೂ ಕೆಂಪಾಗಿದೆಯಾ ನೋಡಬೇಕು. ಸ್ಪರ್ಶ ಕಮ್ಮಿ ಇರೋರಿಗೆ ಬಿಗಿಯಾದ ಶೂನೇ ಸರಿಯಾಗಿ ಕೂತಿದೆ ಅನ್ಸತ್ತೆ, ಅವರ ಮಾತು ನಂಬಿ ಕೊಳ್ಳಬೇಡಿ, ನಿಮ್ಮ ಬೆರಳಲ್ಲಿ ಒತ್ತಿ ನೋಡಿ. ಮನೆಯೊಳಗೂ ಬರಿಗಾಲು ಬೇಡ. ಕ್ರೀಮ್ ಪಾದಕ್ಕೆಲ್ಲ ಹಚ್ಚಿ, ಬೆರಳ ಸಂದಿಗೆ ಬೇಡ. ಉಗುರು ನೇರವಾಗಿ ಕತ್ತರಿಸಿ, ಮೂಲೆ ಕೆತ್ತಬೇಡಿ. ಬಿಸಿನೀರಿನ ಬ್ಯಾಗ್ ಕಾಲಿಗೆ ಇಡ್ಲೇಬೇಡಿ, ಸುಟ್ಟಿದ್ದು ಗೊತ್ತಾಗಲ್ಲ.

ಮತ್ತೊಂದು, ಡಾಕ್ಟರ್ ಹತ್ರ ಹೋಗುವಾಗ ಅವತ್ತು ಹಾಕ್ಕೊಂಡು ಬಂದಿರೋ ಒಳ್ಳೇ ಚಪ್ಪಲಿ ಜೊತೆ ಮನೇಲಿ ದಿನಾ ಹಾಕೋ ಹಳೇದನ್ನೂ ಕವರಲ್ಲಿ ಹಾಕ್ಕೊಂಡು ಹೋಗಿ, ಹುಣ್ಣಿರೋ ಜಾಗಕ್ಕೂ ಒಳಗೆ ಸವೆದಿರೋ ಜಾಗಕ್ಕೂ ಸರಿಹೋಗತ್ತಾ ಅಂತ ಅವರ ಕೈಲೇ ನೋಡಿಸಿ.