ನಡೆದರೆ ಕಾಲು ಹಿಡಿಯುತ್ತೆ, ನಿಂತರೆ ಬಿಡುತ್ತೆ: ಇದು ವಯಸ್ಸಿನದ್ದಾ?

ನಾನು ಫಿಸಿಯೋಥೆರಪಿಸ್ಟ್. ಕ್ಲಿನಿಕ್ ಇರುವುದು ದಾವಣಗೆರೆ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ. ಮೊಣಕಾಲು, ಸೊಂಟ, ಭುಜ ಅಂತ ಬರುವವರೇ ಜಾಸ್ತಿ. ಆದರೆ ಆಗಾಗ ಒಬ್ಬರು ಬಂದು ಇದೇ ಮಾತು ಹೇಳುತ್ತಾರೆ: "ಮೇಡಂ, ಸ್ವಲ್ಪ ದೂರ ನಡೆದ್ರೆ ಮೀನಖಂಡ ಕಲ್ಲಾಗಿ ಹಿಡ್ಕೊಳ್ಳುತ್ತೆ. ಎರಡು ನಿಮಿಷ ನಿಂತ್ರೆ ಏನೂ ಇಲ್ಲ. ವಯಸ್ಸಾಯ್ತು, ಅದಕ್ಕೇ ಅಲ್ವಾ?" ಕೇಳುವವರು 45ರಿಂದ 60ರೊಳಗಿನ ಗಂಡಸರು. ಹೆಚ್ಚಿನವರನ್ನು ಹೆಂಡತಿ ಬಲವಂತ ಮಾಡಿ ಕರೆದುಕೊಂಡು ಬಂದಿರುತ್ತಾರೆ.

ನನ್ನ ಉತ್ತರ: ಅಲ್ಲ. ವಯಸ್ಸಿನ ಪಾಲು ಇದೆ, ಆದರೆ ವಯಸ್ಸೊಂದೇ ಇದನ್ನು ಮಾಡುವುದಿಲ್ಲ. ಎರಡೂ ಕಾಲಿಗೆ ಒಂದೇ ವಯಸ್ಸು. ಹಾಗಿದ್ದ ಮೇಲೆ ಬಲಗಾಲು ಮಾತ್ರ ಯಾಕೆ ಹಿಡಿಯುತ್ತೆ?

ನಮ್ಮ ಕಡೆಯವರಿಗೆ ಇದನ್ನು ಭದ್ರಾ ನಾಲೆಯ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ನಾಲೆಯಲ್ಲಿ ಹೂಳು ತುಂಬಿದರೆ ಮೊದಲು ಒಣಗುವುದು ಕೊನೆ ಭಾಗದ ಗದ್ದೆ. ಕಾಲಿಗೆ ರಕ್ತ ತರುವ ನಾಳದಲ್ಲೂ ಹಾಗೇ, ಒಳಗೋಡೆಗೆ ಕೊಬ್ಬು ಕಟ್ಟಿ, ಅದರ ಮೇಲೆ ಸುಣ್ಣ ಕೂತು ದಾರಿ ಕಿರಿದಾಗುತ್ತದೆ. ಕೂತಿದ್ದಾಗ ಬರುವ ರಕ್ತ ಸಾಕು. ನಡೆಯಲು ಶುರು ಮಾಡಿದರೆ ಖಂಡಕ್ಕೆ ಹಲವು ಪಟ್ಟು ಜಾಸ್ತಿ ಬೇಕು, ಅಷ್ಟು ಬರುವುದಿಲ್ಲ, ನೋವು ಶುರು. ನಿಂತರೆ ಬೇಡಿಕೆ ಇಳಿಯುತ್ತದೆ, ನೋವೂ ಇಳಿಯುತ್ತದೆ.

ಕಾಲುನೋವೆಲ್ಲ ಇದೇ ಅಂತಲ್ಲ. ಬೆನ್ನುಹುರಿಯ ದಾರಿ ಕಿರಿದಾದವರಿಗೂ ನಡೆದರೆ ಕಾಲು ನೋಯುತ್ತದೆ, ಆದರೆ ಅವರಿಗೆ ಸುಮ್ನೆ ನಿಂತರೆ ಸಾಲದು, ಕೂರಬೇಕು, ಇಲ್ಲವೇ ಮುಂದಕ್ಕೆ ಬಾಗಬೇಕು. ಸಕ್ಕರೆ ಕಾಯಿಲೆಯಿಂದ ನರ ಹಾಳಾಗಿದ್ದರೆ ಪಾದ ಉರಿ, ಜೋಮು. ಅದು ರಾತ್ರಿ ಜಾಸ್ತಿ. ಉಬ್ಬಿದ ನರ ಅಂತ ನಾವು ಹೇಳುವ ವೆರಿಕೋಸ್ ವೇನ್ಸ್‌ನಲ್ಲಿ ಸಂಜೆ ಹೊತ್ತಿಗೆ ಕಾಲು ಭಾರ, ಊತ. ಕಾಲು ಮೇಲಿಟ್ಟರೆ ಹಾಯೆನಿಸುತ್ತದೆ. ರಕ್ತ ಬರುವ ನಾಳ ಕಟ್ಟಿದ್ದರೆ ಇದಕ್ಕೆ ತಿರುಗಾಮುರುಗಾ. ಕಾಲು ಮೇಲಿಟ್ಟರೆ ನೋವು ಜಾಸ್ತಿ, ಕೆಳಗೆ ಇಳಿಬಿಟ್ಟರೆ ಕಡಿಮೆ. ರಾತ್ರಿ ಮಂಚದಿಂದ ಕಾಲು ಇಳಿಬಿಟ್ಟು ಮಲಗುತ್ತಾರೆ ಅಂತ ಹೆಂಡತಿ ಹೇಳಿದರೆ ನನಗೆ ಭಯವಾಗುತ್ತದೆ. ಕಾಯಿಲೆ ಬಹಳ ಮುಂದೆ ಹೋಗಿದೆ ಅಂತ ಅದರರ್ಥ.

ಇನ್ನು, ಯಾರಿಗೆ ಬರುತ್ತದೆ? ಎಲ್ಲಕ್ಕಿಂತ ಮೇಲಿರುವುದು ತಂಬಾಕು. ಎರಡನೆಯದು ಯಾವುದೂ ಅದರ ಹತ್ತಿರ ಬರುವುದಿಲ್ಲ ಅಂತ ಮೊದಲು ಹೇಳುತ್ತಿದ್ದೆ, ಈಗ ಸಕ್ಕರೆ ಕಾಯಿಲೆಯನ್ನೂ ಅದರ ಪಕ್ಕದಲ್ಲೇ ಇಡುತ್ತೇನೆ. ಯಾಕೆ ಅಂದರೆ ನನ್ನ ಮುಂದೆ ಕೂರುವವರಲ್ಲಿ ಬಹುತೇಕರಿಗೆ ಎರಡೂ ಇರುತ್ತವೆ.

ಒಬ್ಬರ ವಿಷಯ ಹೇಳುತ್ತೇನೆ. ಅಡಿಕೆ ಖೇಣಿ, ಅಂದರೆ ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಕೆಲಸ, ಮಾಡುವವರು, ವಯಸ್ಸು 52. ಮೂವತ್ತು ವರ್ಷದಿಂದ ದಿನಕ್ಕೆ ಎರಡು ಕಟ್ಟು ಬೀಡಿ. ಶುಗರ್ ಗೊತ್ತಾಗಿ ಆರು ವರ್ಷ, ಮಾತ್ರೆ ನೆನಪಾದಾಗ. ಎಪಿಎಂಸಿ ಗೇಟಿನಿಂದ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ನಾಲ್ಕು ಸಲ ನಿಲ್ಲುತ್ತಿದ್ದರು. ನಿಂತಿದ್ದು ಯಾರಿಗೂ ಗೊತ್ತಾಗಬಾರದು ಅಂತ ಮೊಬೈಲ್ ತೆಗೆದು ನೋಡುತ್ತಿದ್ದರಂತೆ. ಜರ್ಮನಿಯಲ್ಲಿ ಇದಕ್ಕೆ ಅಂಗಡಿ ಗಾಜು ನೋಡುವ ಕಾಯಿಲೆ ಅಂತಲೇ ಹೆಸರಿದೆ, ಅಲ್ಲಿಯವರು ಅಂಗಡಿ ನೋಡುವ ನೆಪ ಮಾಡಿ ನಿಲ್ಲುತ್ತಿದ್ದರು. "ಅಣ್ಣಾ, ಎಷ್ಟು ದಿನದಿಂದ?" ಅಂದೆ. ಎರಡು ವರ್ಷ ಅಂದರು. ಆ ಎರಡು ವರ್ಷ ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಸಿಗರೇಟಿಗಿಂತ ಬೀಡಿ ವಾಸಿ, ಅದು ಬರೀ ಎಲೆ ಅಂತ ಇವರೂ ಹೇಳಿದರು. ಖಂಡಿತ ಅಲ್ಲ. ಬೀಡಿ ಎಲೆಯಲ್ಲಿ ಗಾಳಿಯಾಡುವುದಿಲ್ಲ, ಆರಿಹೋಗದಂತೆ ಪದೇ ಪದೇ ಜೋರಾಗಿ ಎಳೆಯಬೇಕು. ಹಾಗಾಗಿ ನಿಕೋಟಿನ್, ಟಾರ್, ಕಾರ್ಬನ್ ಮಾನಾಕ್ಸೈಡ್ ಒಳಗೆ ಹೋಗುವುದು ಜಾಸ್ತಿಯೇ. ನಿಕೋಟಿನ್ ನಾಳವನ್ನು ಬಿಗಿ ಮಾಡುತ್ತದೆ, ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ.

ತಂಬಾಕಿನದೇ ಇನ್ನೊಂದು ಕಾಯಿಲೆ ಇದೆ, ಬರ್ಗರ್ಸ್ ಅಂತ. ಲಿಯೋ ಬರ್ಗರ್ ಎಂಬ ವೈದ್ಯರು 1908ರಲ್ಲಿ ನ್ಯೂಯಾರ್ಕ್‌ನಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ಇದರಲ್ಲಿ ಕೊಬ್ಬು ಕಟ್ಟುವುದಲ್ಲ, ಸಣ್ಣ ನಾಳಗಳಲ್ಲೇ ಉರಿಯೂತವಾಗಿ ರಕ್ತ ಹೆಪ್ಪುಗಟ್ಟುತ್ತದೆ. ಹೆಚ್ಚಾಗಿ 50ರೊಳಗಿನ ಬೀಡಿ, ಸಿಗರೇಟು ಸೇದುವ ಗಂಡಸರಿಗೆ. ಬೆರಳ ತುದಿ ಕಪ್ಪಾಗಬಹುದು. ತಂಬಾಕು ಪೂರ್ತಿ ಬಿಟ್ಟರೆ ಕಾಯಿಲೆ ಹೆಚ್ಚಿನವರಲ್ಲಿ ನಿಲ್ಲುತ್ತದೆ, ದಿನಕ್ಕೆ ಒಂದೆರಡು ಮಾತ್ರ ಅಂತ ಇಟ್ಟುಕೊಂಡರೆ ನಿಲ್ಲುವುದಿಲ್ಲ. ಜಗಿಯುವ ತಂಬಾಕಿಗೂ ಇದೇ ಮಾತು.

ಸಕ್ಕರೆ ಕಾಯಿಲೆ ಮಾಡುವ ಮೋಸ ಬೇರೆ. ಅದು ನಾಳವನ್ನೂ ಕಟ್ಟುತ್ತದೆ, ನರವನ್ನೂ ಸಾಯಿಸುತ್ತದೆ. ನರ ಸತ್ತರೆ ನೋವೇ ಗೊತ್ತಾಗುವುದಿಲ್ಲ, ಅಂದರೆ ಎಚ್ಚರಿಸುವವರೇ ಇಲ್ಲ. ಏಪ್ರಿಲ್ ಬಿಸಿಲಲ್ಲಿ ದೇವಸ್ಥಾನದ ಕಲ್ಲು ಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಬರುತ್ತಾರೆ, ಮನೆಗೆ ಬಂದ ಮೇಲೆ ಅಂಗಾಲಲ್ಲಿ ಬೊಬ್ಬೆ ನೋಡಿದವರು ಮಕ್ಕಳು. ರಕ್ತ ಬರದ ಪಾದದಲ್ಲಿ ಆ ಬೊಬ್ಬೆ ಮಾಯುವುದಿಲ್ಲ. ಬೆರಳು ಕತ್ತರಿಸಬೇಕಾದ ಎಷ್ಟೋ ಕಥೆ ಹೀಗೆ ಸಣ್ಣ ಗಾಯದಿಂದಲೇ ಶುರುವಾಗುತ್ತವೆ.

ಬಿಪಿ, ಕೊಲೆಸ್ಟರಾಲ್, ಕಿಡ್ನಿ ತೊಂದರೆ, ಮನೆಯಲ್ಲಿ ಅಪ್ಪನಿಗೋ ಅಣ್ಣನಿಗೋ ಹೃದಯಾಘಾತ ಆಗಿರುವುದು, ಇವೂ ಸೇರುತ್ತವೆ. ಒಂದರ ಮೇಲೊಂದು ಬಂದಷ್ಟೂ ಅಪಾಯ ಏರುತ್ತದೆ. ಗಂಡಸರು ಬಾಯಿಬಿಡದ ಒಂದು ಸುಳಿವೂ ಇದೆ. ನಡೆದಾಗ ನೋವು ಪಿರ್ರೆಯಲ್ಲಿ, ತೊಡೆಯಲ್ಲಿ ಬರುತ್ತಿದ್ದು, ಜೊತೆಗೆ ನಿಮಿರುವಿಕೆ ಕಡಿಮೆಯಾಗಿದ್ದರೆ, ಹೊಟ್ಟೆಯ ಕೆಳಭಾಗದ ದೊಡ್ಡ ನಾಳದಲ್ಲೇ ಅಡ್ಡಿ ಇರಬಹುದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ದಯವಿಟ್ಟು ಡಾಕ್ಟರಿಗೆ ಹೇಳಿ. ಕಾಲಿನ ನಾಳ ಕಟ್ಟಿದೆ ಅಂದರೆ ಹೃದಯದ್ದು, ಮೆದುಳಿನದ್ದೂ ನೋಡಿಸಬೇಕು. ನಾಳಗಳೆಲ್ಲ ಒಂದೇ ದೇಹದವು.

ಪರೀಕ್ಷೆ ಕಷ್ಟದ್ದಲ್ಲ. ಡಾಕ್ಟರು ಪಾದದ ಮೇಲೆ, ಒಳಗಂಟಿನ ಹಿಂದೆ ನಾಡಿ ಮುಟ್ಟಿ ನೋಡುತ್ತಾರೆ. ಆಮೇಲೆ ಪಾದದ ಗಂಟಿನ ಹತ್ತಿರ ಬಿಪಿ ಅಳೆದು ಅದನ್ನು ತೋಳಿನ ಬಿಪಿಯಿಂದ ಭಾಗಿಸುತ್ತಾರೆ. 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ. ಬಹಳ ವರ್ಷದ ಶುಗರ್ ಇದ್ದವರಲ್ಲಿ ನಾಳ ಗಟ್ಟಿಯಾಗಿ ಲೆಕ್ಕ ಸುಳ್ಳು ಹೇಳಬಹುದು, ಅವರಿಗೆ ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸುತ್ತಾರೆ. ಅಲ್ಲಿಯವರೆಗೆ ನೀವಾಗಿಯೇ ಬಿಗಿ ಸ್ಟಾಕಿಂಗ್ಸ್ ಕೊಂಡು ಹಾಕಬೇಡಿ, ಅದು ವೆರಿಕೋಸ್‌ಗೆ ಕೊಡುವಂಥದ್ದು, ಇಲ್ಲಿ ಇರುವ ರಕ್ತವನ್ನೂ ತಡೆಯುತ್ತದೆ. ಬಿಸಿನೀರಿನ ಶಾಖವೂ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ. ಇದ್ದಕ್ಕಿದ್ದಂತೆ ಕಾಲು ತಣ್ಣಗಾಗಿ, ಬಿಳಿಚಿಕೊಂಡು, ವಿಪರೀತ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗ ಲೆಕ್ಕ ಗಂಟೆಗಳದ್ದು.

ಬೀಡಿ ಬಿಡಲು ಒಬ್ಬರೇ ಒದ್ದಾಡಬೇಕಿಲ್ಲ. 1800 112 356 ಸರ್ಕಾರದ ಉಚಿತ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್‌ನಿಂದಲೂ ಆ ಸೇವೆ ನಡೆಯುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಖೇಣಿ ಅಣ್ಣನಿಗೆ ಡಾಕ್ಟರು ಮಾತ್ರೆ ಶುರು ಮಾಡಿದರು, ನನ್ನ ಹತ್ತಿರ ನಡೆಯಲು ಕಳಿಸಿದರು. ಹೌದು, ಈ ನೋವಿಗೆ ನಡಿಗೆಯೇ ಚಿಕಿತ್ಸೆ. ಪಾದದಲ್ಲಿ ಗಾಯ ಇಲ್ಲದಿದ್ದರೆ, ಡಾಕ್ಟರು ಒಪ್ಪಿದರೆ, ನೋವು ಸಾಕಷ್ಟು ಬರುವವರೆಗೆ ನಡೆಯುವುದು, ಹೋಗುವವರೆಗೆ ನಿಲ್ಲುವುದು, ಮತ್ತೆ ನಡೆಯುವುದು. ಅರ್ಧದಿಂದ ಮುಕ್ಕಾಲು ಗಂಟೆ, ವಾರಕ್ಕೆ ಮೂರು ದಿನ, 12 ವಾರ. ಮೊದಲ ತಿಂಗಳು ಅವರು ಎರಡು ಸಲ ಬೀಡಿಗೆ ವಾಪಸ್ ಹೋದರು. ಎರಡು ಸಲವೂ ನನಗೆ ಬಂದು ಹೇಳಿದರು, ಮುಚ್ಚಿಡಲಿಲ್ಲ. ಮೂರನೇ ಸಲ ಬಿಟ್ಟವರು ಮತ್ತೆ ಮುಟ್ಟಿಲ್ಲ. ಈಗ ಎಪಿಎಂಸಿ ಗೇಟಿನಿಂದ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಒಂದೇ ಸಲ ನಿಲ್ಲುತ್ತಾರೆ, ಆಗ ಮೊಬೈಲ್ ತೆಗೆಯುವುದಿಲ್ಲ.