ಆ ಮಾತು ನರಿಯ ಬಾಯಲ್ಲೂ ಬಂದಿತ್ತು

ಹೋದ ವರ್ಷ ಕೊಪ್ಪಳದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಒಂದು ಮನೆ ಇಷ್ಟವಾಯಿತು. ನೀರಿಗೆ ತೊಂದರೆ ಇಲ್ಲ, ಬಸ್ ಸ್ಟ್ಯಾಂಡೂ ಹತ್ತಿರ. ಮಾತು ಅಡ್ವಾನ್ಸ್ ತನಕ ಬಂತು. ಆಮೇಲೆ ಮೆಲ್ಲಗೆ ಬಂತು ನೋಡಿ, ‘ನೀವು ಯಾರ ಪೈಕಿ?’ ಹೇಳಿದೆ. ಮನೆ ಸಿಗಲಿಲ್ಲ. ಯಜಮಾನರ ತಲೆಯ ಹಿಂದೆ ‘ವಸುಧೈವ ಕುಟುಂಬಕಂ’, ಅಂದರೆ ಇಡೀ ಭೂಮಿಯೇ ಒಂದು ಕುಟುಂಬ ಅಂತ ಬರೆದ ಕ್ಯಾಲೆಂಡರ್ ತೂಗುತ್ತಿತ್ತು.

2023ರಲ್ಲಿ ಜಿ20ಗೆ ಇದೇ ಗುರಿವಾಕ್ಯ, ನಮ್ಮ ಹೊಳೆಯಾಚೆ ಹಂಪಿಯಲ್ಲೂ ಅದರ ಸಭೆಗಳು ನಡೆದವಲ್ವಾ, ಆಗಿನಿಂದ ಈ ಮಾತು ಜಾಸ್ತಿ ಓಡಾಡುತ್ತಿದೆ. ಮಹೋಪನಿಷತ್ತಿನ ಶ್ಲೋಕ ಅದು. ನಾವು ಅಚ್ಚು ಹಾಕಿಸೋದು ಅದರ ಬಾಲ ಮಾತ್ರ. ‘ಇವ ನಮ್ಮವ, ಇವ ಅಲ್ಲ ಅಂತ ಎಣಿಸೋದು ಸಣ್ಣ ಮನಸ್ಸಿನವರ ಕೆಲಸ’ ಅನ್ನೋ ಮೊದಲ ಸಾಲನ್ನು ಯಾರೂ ಗೋಡೆಗೆ ಹಾಕಲ್ಲ. ಹಾಕಿದರೆ ಬಾಡಿಗೆಗೆ ಬಂದವನು ಓದಿಬಿಡ್ತಾನೆ!

ಹಿತೋಪದೇಶದಲ್ಲಂತೂ ಈ ಶ್ಲೋಕ ಹೇಳೋದು ಒಂದು ನರಿ. ಜಿಂಕೆಯ ಮಾಂಸದ ಮೇಲೆ ಅದಕ್ಕೆ ಆಸೆ. ಜಿಂಕೆಯ ಗೆಳೆಯ ಕಾಗೆ, ‘ಗುರುತಿಲ್ಲದವನನ್ನು ಸೇರಿಸಬೇಡ’ ಅಂದಾಗ ನರಿ ಸಿಟ್ಟಿನಿಂದ ಈ ಸಾಲನ್ನೇ ಎಸೆಯುತ್ತೆ. ಮುಂದೆ ಜಿಂಕೆ ಬಲೆಗೆ ಬಿದ್ದಾಗ ಬಿಡಿಸದೆ ಸುಮ್ನೆ ಕಾಯುತ್ತೆ. ಕೊನೆಗೆ ಜಿಂಕೆಯನ್ನು ಉಳಿಸಿದ್ದು ಆ ಅನುಮಾನದ ಕಾಗೆಯೇ. ಕಥೆ ಬರೆದವರಿಗೆ ಈ ಮಾತು ಎಲ್ಲೆಲ್ಲಿ ಬಳಕೆಯಾಗುತ್ತೆ ಅಂತ ಚೆನ್ನಾಗಿ ಗೊತ್ತಿತ್ತು ಅನಿಸುತ್ತೆ.

ಹಾಗಂತ ಮಾತೇ ಸುಳ್ಳು ಅನ್ನಲಾರೆ. ನಮ್ಮ ಕಡೆ ಗುರುತಿಲ್ಲದವರನ್ನೂ ಅಣ್ಣಾ, ಯಕ್ಕಾ, ಕಾಕಾ ಅಂತಲೇ ಕರೆಯೋದು. ಬಸ್ಸಿನಲ್ಲಿ ಸೀಟು ಕೇಳುವಾಗ ಎಲ್ಲರೂ ಬಳಗದವರೇ, ಮನೆ ಕೇಳುವಾಗ ಮಾತ್ರ ಪೈಕಿ ಬೇಕು.

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದೆ. ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರ್‌ಗಳಲ್ಲಿ ಜೋಳದ ರೊಟ್ಟಿ ಬರುತ್ತೆ, ಲಕ್ಷಗಟ್ಟಲೆ. ಯಾವ ರೊಟ್ಟಿ ಯಾರ ಮನೆಯಲ್ಲಿ ಬಡಿದದ್ದು, ಯಾರ ಕೈಯದು ಅಂತ ಹೇಗೆ ಎಣಿಸ್ತೀರಿ? ದಾಸೋಹದಲ್ಲಿ ಪಕ್ಕಕ್ಕೆ ಕೂತ ಅಜ್ಜಿ ನನ್ನ ತಟ್ಟೆ ನೋಡಿ, ‘ಯಪ್ಪಾ, ಇನ್ನೊಂದು ಹಾಕಿಸ್ಕೋ’ ಅಂದರು. ಹಾಕಿಸಿಕೊಂಡೆ. ‘ಯಾವೂರಪ್ಪಾ?’ ಅಂದರು. ಊರು ಹೇಳಿ, ಎರಡನೇ ಪ್ರಶ್ನೆಗೆ ಕಾಯುತ್ತಾ ಕೂತೆ. ಅಷ್ಟರಲ್ಲಿ ಮಾದಲಿ ಬಂತು, ಅಜ್ಜಿ ಅತ್ತ ತಟ್ಟೆ ಚಾಚಿದರು.